ನೆಟ್ಟಗೆ ಮಾಡಿಕೊಡಿ ಅಂದರೆ ಸುಟ್ಟುಕೊಟ್ಟರು

ನೀರಿನ ಟ್ಯಾಂಕರಿನವನ ಮಾತು ಬಿಡಿ. ರಿವರ್ಸ್ ಬರುವಾಗ ನಮ್ಮ ಮೆಟ್ಟಿಲಿನ ಸ್ಟೀಲ್ ರೇಲಿಂಗಿಗೆ ಗುದ್ದಿದ, ತಪ್ಪಾಯ್ತು ಅಂದ, ಹೋದ. ನನ್ನ ಸಿಟ್ಟು ರಿಪೇರಿ ಮಾಡಿದವನ ಮೇಲೆ.

ಮೊದಲೇ ಹೇಳಿದ್ದೆ. ಗ್ಯಾಸ್ ಹಚ್ಚಬೇಡಿ, ಪೈಪಿನೊಳಗೆ ಉಸುಕು ತುಂಬಿ, ಕಟ್ಟಿಗೆ ಅಚ್ಚು ಕೊಟ್ಟು ನಿಧಾನ ಒತ್ತಿ ಅಂತ. ಹೂಂ ಅಂದ. ಇವತ್ತು ಸಂಜೆ ಹೋದರೆ ಸೊಟ್ಟ ಇದ್ದ ಜಾಗ ಚಪ್ಪಟೆಯಾಗಿದೆ. ಸುತ್ತ ಹಳದಿ, ಕಂದು, ನಡುವೆ ನವಿಲಿನ ಕತ್ತಿನಂಥ ನೀಲಿ. ಕಬ್ಬಿಣದ ಗೇಟು ಉಜ್ಜಿದ ಚಕ್ರದಿಂದಲೇ ಇದನ್ನೂ ಉಜ್ಜಿದ್ದಾನೆ.

"ಇದು 304 ದರ್ಜೆ ಸ್ಟೇನ್‌ಲೆಸ್ ಸ್ಟೀಲ್ ರೀ, ಸುಟ್ಟ ಕಡೆ ತುಕ್ಕು ಹಿಡಿಯುತ್ತೆ" ಅಂದೆ. ಚಹಾದ ಕಪ್ಪು ಕೆಳಗಿಟ್ಟು ನನ್ನ ಕಡೆ ನೋಡಲೇ ಇಲ್ಲ. ಪಕ್ಕದವನನ್ನು ನೋಡಿ ನಕ್ಕ. ಆಮೇಲೆ, "ಅಕ್ಕಾರ, ಇದು ನಿಮಗ ತಿಳಿಯಂಗಿಲ್ಲ. ಮನ್ಯಾಗ ಯಾರರ ಗಂಡಸ್ರಿದ್ರ ಕಳಸ್ರಿ, ಮಾತಾಡ್ತೇನಿ."

ನಾಲ್ಕು ಜನ ನಿಂತಿದ್ದರು. ನಾಲ್ವರೂ ನಕ್ಕರು. ತಾರಿಹಾಳದ ಕಾರ್ಖಾನೆಯಲ್ಲಿ ಸ್ಟೀಲ್ ಪರೀಕ್ಷೆ ಮಾಡುವುದೇ ನನ್ನ ಕೆಲಸ, ಹನ್ನೊಂದು ವರ್ಷದಿಂದ. ಅದನ್ನು ಹೇಳಬೇಕಿತ್ತು, ಅಲ್ವಾ? ಹೇಳಲಿಲ್ಲ. ಸುಮ್ನೆ 3200 ರೂಪಾಯಿ ಎಣಿಸಿಕೊಟ್ಟೆ. ಅದೇ ಈಗ ಎದೆಯಲ್ಲಿ ಉರಿಯುತ್ತಿದೆ.

ಸ್ಟೇನ್‌ಲೆಸ್ ಅಂದರೆ ಏನು ಮಾಡಿದರೂ ತುಕ್ಕು ಹಿಡಿಯದ ಲೋಹ ಅಲ್ಲ. 304ರಲ್ಲಿ ನೂರಕ್ಕೆ 18ರಷ್ಟು ಕ್ರೋಮಿಯಂ ಇರುತ್ತದೆ. ಅದು ಕಣ್ಣಿಗೆ ಕಾಣದ ತೆಳು ಪದರ ಕಟ್ಟಿಕೊಂಡು ಪೈಪನ್ನು ಕಾಯುತ್ತದೆ. ಸುಟ್ಟು ಬಣ್ಣ ತಿರುಗಿದರೆ ಆ ಕಾಪು ಹೋಯಿತು. ಮೇಲೆ ಆ ಚಕ್ರದಲ್ಲಿದ್ದ ಕಬ್ಬಿಣದ ಪುಡಿ ಕೂತರೆ ಕೇಳುವುದೇ ಬೇಡ. ಸಮುದ್ರದ ದೋಣಿಗಳ ರೇಲಿಂಗಿಗೆ 316 ಅನ್ನುವ ಇನ್ನೊಂದು ದರ್ಜೆ ಸ್ಟೀಲ್ ಹಾಕುತ್ತಾರೆ, ಉಪ್ಪುನೀರು ತಡೆಯಲಿ ಅಂತ. ಅದನ್ನೂ ಹೀಗೆ ಸುಟ್ಟರೆ ಉಳಿಯುವುದಿಲ್ಲ. ನಮ್ಮ ಮೆಟ್ಟಿಲಿಗೆ ಬೀಳುವುದು ಹುಬ್ಬಳ್ಳಿ ಮಳೆ ಅಷ್ಟೇ. ಹಾಳು ಮಾಡದಿದ್ದರೆ ನಾವಿರುವ ತನಕ ಬಾಳುತ್ತಿತ್ತು.

ಹೋಗಲಿ ಬಿಡು ಅಂತಾರೆ ಮನೆಯವರು. ಹೌದು, ಜಗಳಾಡಿದರೆ ಚಪ್ಪಟೆ ಪೈಪು ದುಂಡಗಾಗುವುದಿಲ್ಲ. ಆದರೆ ಯಾಕೆ ಬಿಡಬೇಕು? ದುಡ್ಡು ನನ್ನದು, ಕೆಲಸ ಗೊತ್ತಿರುವವಳು ನಾನು. ಗಂಡಸನ್ನು ಯಾಕೆ ಕಳಿಸಬೇಕು? ಯಾರಾದರೂ ಉತ್ತರ ಕೊಡಿ.

ಕೆಟ್ಟ ತುಂಡು ಕತ್ತರಿಸಿ, ಹೊಸದು ಕೂಡಿಸಿ, ಆರ್ಗಾನ್ ವೆಲ್ಡಿಂಗ್ ನೀಟಾಗಿ ಮಾಡುವವರು ಹುಬ್ಬಳ್ಳಿ-ಧಾರವಾಡದಲ್ಲಿ ಇದ್ದರೆ ದಯವಿಟ್ಟು ತಿಳಿಸಿ. ಅವ್ವ ಸಂಜೆ ಆ ಜಾಗದ ಮೇಲೆ ಅಂಗೈ ಇಟ್ಟು, "ಇದ್ಯಾಕ ಒರಟ ಆಗೇತಿ?" ಅಂದಳು. ಆಮೇಲೆ ಗೋಡೆ ಹಿಡಿದುಕೊಂಡೇ ಇಳಿದಳು.