ಒಂದೇ ಬ್ರೌಸರ್, ಎರಡು ಮನೆ

ನಿನ್ನೆ ರಾತ್ರಿ ಗೆಳೆಯನ ಫೋನ್. "ಮಾರಾಯ, ಬುಕ್‌ಮಾರ್ಕ್ ಎಲ್ಲಾ ಹೋಯ್ತು!" ಅವನ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟವನು ನಾನೇ. ಹಾಗಾಗಿ ಬೈಗುಳವೂ ನನಗೇ.

ಹೋಗಿ ನೋಡಿದರೆ ಏನೂ ಹೋಗಿರಲಿಲ್ಲ. ಒಂದೇ ಬ್ರೌಸರ್ ಎರಡು ಸಲ ಇನ್‌ಸ್ಟಾಲ್ ಆಗಿತ್ತು. ಒಂದು ಸ್ನ್ಯಾಪ್, ಇನ್ನೊಂದು ಫ್ಲಾಟ್‌ಪ್ಯಾಕ್. ಎರಡೂ ಲಿನಕ್ಸಿನಲ್ಲಿ ಆ್ಯಪ್‌ಗಳನ್ನು ಕಟ್ಟಿಕೊಡುವ ಪ್ಯಾಕೇಜ್ ಬಗೆಗಳು. ಅದೇ ಹೆಸರು, ಅದೇ ಐಕಾನ್. ಸ್ನ್ಯಾಪ್ ತನ್ನ ಗಂಟುಮೂಟೆಯನ್ನು ಹೋಮ್ ಫೋಲ್ಡರಿನಲ್ಲಿ 'ಸ್ನ್ಯಾಪ್' ಅನ್ನೋ ಫೋಲ್ಡರಿನಲ್ಲಿ ಇಡುತ್ತದೆ. ಫ್ಲಾಟ್‌ಪ್ಯಾಕ್ 'ಡಾಟ್ ವಾರ್' ಅನ್ನೋ ಕಣ್ಣಿಗೆ ಬೀಳದ ಫೋಲ್ಡರಿನಲ್ಲಿ ಇಡುತ್ತದೆ. ಇವನು ಆ ಮನೆಯಲ್ಲಿ ಸಾಮಾನಿಟ್ಟು ಈ ಮನೆಯಲ್ಲಿ ಹುಡುಕುತ್ತಿದ್ದ.

ತಪ್ಪು ಅವನದಾ? ಡೆಬ್, ಆರ್‌ಪಿಎಂ ಅನ್ನೋ ಹಳೆಯ ಎರಡು ಪ್ಯಾಕೇಜ್ ಬಗೆಗಳ ರಗಳೆ ಬೇಡ, ಎಲ್ಲಾ ಲಿನಕ್ಸಿಗೂ ಒಂದೇ ಪ್ಯಾಕೇಜ್ ಅಂತ ಹೊರಟವರು ನಾವು. ಆ 'ಒಂದು' ಮೂರಾಯಿತು: ಸ್ನ್ಯಾಪ್, ಫ್ಲಾಟ್‌ಪ್ಯಾಕ್, ಆ್ಯಪ್‌ಇಮೇಜ್. ಹಳೆಯ ಎರಡೂ ಜಾಗ ಬಿಡಲಿಲ್ಲ. ಈಗ ಒಟ್ಟು ಐದು!

ಇವು ಸುಮ್ನೆ ಹುಟ್ಟಿದ್ದಲ್ಲ, ಒಪ್ಪುತ್ತೇನೆ. ಒಂದೊಂದು ಡಿಸ್ಟ್ರೋದಲ್ಲಿ, ಅಂದರೆ ಲಿನಕ್ಸಿನ ಒಂದೊಂದು ತಳಿಯಲ್ಲಿ, ಲೈಬ್ರರಿಗಳ (ಆ್ಯಪ್‌ಗಳು ನೆಚ್ಚಿಕೊಳ್ಳುವ ಸಿದ್ಧ ಕೋಡ್‌ನ) ಆವೃತ್ತಿ ಬೇರೆ ಬೇರೆ. ಒಬ್ಬನೇ ಕೂತು ಆ್ಯಪ್ ಬರೆಯುವವನು ಎಷ್ಟಕ್ಕೆ ಅಂತ ಪ್ಯಾಕೇಜ್ ಕಟ್ಟುತ್ತಾನೆ? ನನ್ನ ಓಟು ಫ್ಲಾಟ್‌ಪ್ಯಾಕಿಗೆ. ಬೇಕಾದ ಲೈಬ್ರರಿಗಳಲ್ಲಿ ಹೆಚ್ಚಿನವು 'ರನ್‌ಟೈಮ್' ಅನ್ನೋ ಒಂದೇ ಗಂಟಿನಲ್ಲಿ, ಉಳಿದವು ಆ್ಯಪ್ ಜೊತೆಗೇ ಬರುತ್ತವೆ. ಯಾರು ಬೇಕಾದರೂ ತಮ್ಮದೇ ರೆಪೊ, ಅಂದರೆ ಆ್ಯಪ್ ಅಂಗಡಿ, ನಡೆಸಬಹುದು. ಸ್ನ್ಯಾಪ್ ಅಂಗಡಿಯ ಸರ್ವರ್ ಕೋಡ್ ಮಾತ್ರ ಉಬುಂಟು ಅನ್ನೋ ಡಿಸ್ಟ್ರೋದ ಹಿಂದಿರುವ ಕೆನಾನಿಕಲ್ ಕಂಪನಿಯ ಕೈಯಲ್ಲೇ ಇದೆ, ಮುಕ್ತವಲ್ಲ. ಉಬುಂಟು 22.04ರಲ್ಲಿ ನೀವು ಡೆಬ್ ತರಿಸುವ ಆ್ಯಪ್ಟ್ ಕಮಾಂಡ್ ಕೊಟ್ಟು ಫೈರ್‌ಫಾಕ್ಸ್ ಕೇಳಿದರೂ ಬಂದು ಕೂರುವುದು ಸ್ನ್ಯಾಪೇ. ಕೇಳಿದ್ದೊಂದು, ಕೊಟ್ಟದ್ದೊಂದು. ಕ್ರೋಮಿಯಂ ಬ್ರೌಸರ್ ವಿಷಯದಲ್ಲೂ ಇದೇ ಆಟ ಕಂಡು, ಉಬುಂಟು ಮೇಲೆ ಕಟ್ಟಿದ ಡಿಸ್ಟ್ರೋ ಲಿನಕ್ಸ್ ಮಿಂಟ್‌ನವರು 2020ರಲ್ಲಿ, ತಮ್ಮ 20ನೇ ಆವೃತ್ತಿಯಲ್ಲಿ, ಸ್ನ್ಯಾಪಿಗೆ ಬಾಗಿಲಲ್ಲೇ ತಡೆ ಹಾಕಿದರು.

"ಆಯ್ಕೆ ಇರುವುದೇ ಲಿನಕ್ಸಿನ ಸೊಗಸು ಅಲ್ವಾ" ಅಂತ ಕಾಮೆಂಟ್ ಹಾಕಲು ಕೆಲವರು ಈಗಾಗಲೇ ತೋಳೇರಿಸಿರುತ್ತೀರಿ. ಹೌದಪ್ಪಾ, ಸೊಗಸೇ. ವ್ಯತ್ಯಾಸ ಗೊತ್ತಿದ್ದವನಿಗೆ. ನನ್ನ ಗೆಳೆಯ ಆಯ್ಕೆ ಮಾಡಲೇ ಇಲ್ಲ. ಇನ್‌ಸ್ಟಾಲ್ ಬಟನ್ ಕಂಡಿತು, ಒತ್ತಿದ. ಅಷ್ಟೇ.

ಇನ್ನು ನನ್ನದೇ ಮರ್ಯಾದೆ ಕಳೆದುಕೊಳ್ಳುತ್ತೇನೆ. ಆ್ಯಪ್‌ಇಮೇಜ್ ಅಂದರೆ ದೇವರು ಅಂತ ಇದೇ ಗೋಡೆಯ ಮೇಲೆ ಎಷ್ಟು ಭಾಷಣ ಬಿಗಿದಿದ್ದೇನೆ, ನಿಮಗೇ ಗೊತ್ತು. ಒಂದು ಫೈಲ್, ಅನುಮತಿ ಕೊಡು, ಓಡಿಸು! ಆಮೇಲೆ, ಆ್ಯಪ್‌ಇಮೇಜ್ ತೆರೆಯಲು ಬೇಕಾದ ಹಳೆಯ ಫ್ಯೂಸ್ ಲೈಬ್ರರಿ ಇಲ್ಲದ ಒಂದು ಸಿಸ್ಟಮ್ಮಿನಲ್ಲಿ ಡಬಲ್ ಕ್ಲಿಕ್ ಮಾಡಿದೆ. ಏನೂ ಆಗಲಿಲ್ಲ. ಒಂದು ಎರರ್ ಕೂಡ ಬರಲಿಲ್ಲ. ಹತ್ತು ನಿಮಿಷ ಮೌಸ್ ಕೆಟ್ಟಿದೆ ಅಂದುಕೊಂಡಿದ್ದೆ. ಹೋದ ತಿಂಗಳು ನನ್ನ ಡೌನ್‌ಲೋಡ್ಸ್ ಫೋಲ್ಡರ್ ತೆರೆದರೆ, ನಾನು ದಿನಾ ಬಳಸುವ ಎಡಿಟರ್ ಮೂರು ವರ್ಷ ಹಳೆಯದು. ತಾನಾಗಿ ಅಪ್‌ಡೇಟ್ ಆಗುವ ಏರ್ಪಾಡು ಅದರಲ್ಲಿ ಇರಲಿಲ್ಲ. ನಾನೂ ನೋಡಲಿಲ್ಲ. ಊರಿಗೆಲ್ಲ ಬುದ್ಧಿ ಹೇಳುವವನು ನಾನು!

ಗೆಳೆಯನ ಬುಕ್‌ಮಾರ್ಕ್ ಫ್ಲಾಟ್‌ಪ್ಯಾಕಿಗೆ ತಂದು ಹಾಕಿ ಸ್ನ್ಯಾಪ್ ಕಿತ್ತೆ. "ಮುಂದಿನ ಸಲ ಫ್ಲಾಟ್‌ಪ್ಯಾಕ್ ಅಂತ ಇರೋದನ್ನೇ ಒತ್ತು" ಅಂದೆ. "ಅದು ಎಲ್ಲಿ ಬರೆದಿರುತ್ತೆ?" ಅಂತ ಕೇಳಿದ. ಬಟನ್ ಪಕ್ಕದ ಸಣ್ಣ ಅಕ್ಷರ ತೋರಿಸಿದೆ. ಅವನು ಕನ್ನಡಕ ಹುಡುಕತೊಡಗಿದ.