ಮಿಕ್ಸೀಲಿ ಎಸ್ಪ್ರೆಸ್ಸೊ ಪುಡಿ ಆಗಲ್ಲ ಕಣ್ರಪ್ಪ
ತುಮಕೂರು ಬಟವಾಡಿ ಕಡೆ ನಮ್ಮ ವಾಟ್ಸಾಪ್ ಗ್ರೂಪಲ್ಲಿ ಒಂದು ಮೆಸೇಜ್ ಓಡಾಡ್ತಿದೆ, ಕಾಫಿ ಗ್ರೈಂಡರ್‌ಗೆ ದುಡ್ಡು ದಂಡ, ಚಟ್ನಿ ಜಾರಲ್ಲೇ ಇನ್ನೆರಡು ನಿಮಿಷ ತಿರುಗಿಸಿದ್ರೆ ಎಸ್ಪ್ರೆಸ್ಸೊ (ಮೆಷೀನಲ್ಲಿ ಬಿಸಿನೀರನ್ನ ಒತ್ತಡದಿಂದ ನುಗ್ಗಿಸಿ ಇಳಿಸೋ ಗಟ್ಟಿ ಕಾಫಿ) ಪುಡಿ ರೆಡಿ ಅಂತ. ತಪ್ಪು. ಮಿಕ್ಸಿ ಬ್ಲೇಡು ಬೀಜಾನ ಕೊಚ್ಚುತ್ತೆ ಅಷ್ಟೆ, ಒಂದೇ ಸಮ ಅರೆಯಲ್ಲ, ತಳದಲ್ಲಿ ವಿಭೂತಿ ಥರ ಧೂಳು, ಮೇಲೆ ಚಿರೋಟಿ ರವೆ ಥರ ತರಿ, ಜೊತೆಗೆ ಜಾರು ಬಿಸಿ. ಎಸ್ಪ್ರೆಸ್ಸೊಗೆ ನೀರು ಸುಮಾರು 9 ಬಾರ್ ಒತ್ತಡದಲ್ಲಿ ನುಗ್ಗುತ್ತೆ, ಪುಡಿ ಏರುಪೇರಿದ್ರೆ ಸಡಿಲ ಸಿಕ್ಕ ಕಡೆಯಿಂದ ದಾರಿ ಮಾಡ್ಕೊಂಡು ಹೋಗ್ಬಿಡುತ್ತೆ. ನಾನೂ ಮಾಡಿ ನೋಡ್ದೆ, 18 ಗ್ರಾಂ ಪುಡಿಗೆ 36 ಗ್ರಾಂ ಕಾಫಿ 25-30 ಸೆಕೆಂಡಲ್ಲಿ ಇಳೀಬೇಕಾದ್ದು 8 ಸೆಕೆಂಡಿಗೇ ಸುರಿದುಹೋಯ್ತು, ಬರೀ ಹುಳಿ, ಅಮ್ಮ ಒಂದು ಗುಟುಕು ಕುಡಿದು ಲೋಟ ಸಿಂಕಿಗೆ ಬಗ್ಗಿಸಿದ್ರು.

ಬೇಕಿರೋದು ಬರ್ ಗ್ರೈಂಡರ್, ನಮ್ಮ ಬೀಸೋಕಲ್ಲಿನ ಲೆಕ್ಕವೇ. ಎಸ್ಪ್ರೆಸ್ಸೊಗೆ ಅಂತ ತಗೊಳ್ಳೋರು ಮೋಟಾರ್‌ಗಿಂತ ಮೊದಲು ಕ್ಲಿಕ್ (ಪುಡಿ ನುಣ್ಣಗೆ-ತರಿಯಾಗಿ ಬದಲಿಸೋ ತಿರುಪಿನ ಒಂದೊಂದು ಹೆಜ್ಜೆ) ಎಷ್ಟು ಸಣ್ಣದು ಅಂತ ನೋಡಿ, ಕಿಂಗ್ರೈಂಡರ್ ಕೆ6 ಅನ್ನೋ ಕೈಗ್ರೈಂಡರಲ್ಲಿ ಒಂದು ಕ್ಲಿಕ್ಕಿಗೆ 16 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು), ಅಷ್ಟು ಸಣ್ಣ ಹೊಂದಾಣಿಕೆ ಇಲ್ದಿದ್ರೆ ಒಂದು ಕ್ಲಿಕ್ಕಿಗೆ ಕಟ್ಕೊಳ್ಳುತ್ತೆ, ಇನ್ನೊಂದಕ್ಕೆ ಸುರಿಯುತ್ತೆ. ಬರೀ ಹಿತ್ತಾಳೆ ಫಿಲ್ಟರ್ ಕಾಫಿ ಕುಡಿಯೋರು ಈ ಖರ್ಚಿಗೆ ಕೈ ಹಾಕ್ಬೇಡಿ, ಅಂಗಡೀಲಿ ಕಣ್ಣೆದುರಿಗೇ ಪುಡಿ ಮಾಡಿಸ್ಕೊಂಡು ಬನ್ನಿ ಸಾಕು.