ತಲೆಯ ಮೇಲಿನ ಗಾರೆ

ಮೈಸೂರಿಗೆ ನೆಂಟರು ಬಂದರೆ ಅವರನ್ನು ಅರಮನೆಗೆ ಕರೆದುಕೊಂಡು ಹೋಗಿ, ಕಲ್ಯಾಣ ಮಂಟಪದಲ್ಲಿ ನಿಲ್ಲಿಸಿ, ಗ್ಲಾಸ್ಗೋದಿಂದ ತರಿಸಿದ ಬಣ್ಣದ ಗಾಜಿನ ಛಾವಣಿಯನ್ನು ಕತ್ತು ನೋಯುವ ತನಕ ತೋರಿಸುವುದು ನಮ್ಮ ಪಾಲಿಗೆ ಬಂದ ಕರ್ತವ್ಯ. ಸ್ವಂತ ಮನೆಯ ಸೂರನ್ನು ಅಷ್ಟು ಹೊತ್ತು ನೋಡುವವರು ಕಡಿಮೆ. ಜ್ವರ ಬಂದು ಅಂಗಾತ ಮಲಗಿದವರಿಗೆ, ಹಬ್ಬದ ಮುಂಚೆ ಫ್ಯಾನ್ ಒರೆಸುವವರಿಗೆ ಮಾತ್ರ ಅದರ ಪರಿಚಯ. ಉಳಿದವರಿಗೆ ಅದರ ನೆನಪಾಗುವುದು ಅಂಗೈಯಗಲದ ಗಾರೆ ಊಟದ ತಟ್ಟೆಯ ಪಕ್ಕಕ್ಕೆ ಬಿದ್ದಾಗ.

ಕೃಷ್ಣಮೂರ್ತಿಪುರದ ನಮ್ಮ ಮನೆಗೆ ಎರಡು ವಯಸ್ಸು. ಮುಂಭಾಗ ಮದ್ರಾಸ್ ತಾರಸಿ: ತೊಲೆ, ಅದರ ಮೇಲೆ ಜಂತಿ, ಜಂತಿಗಳ ಮೇಲೆ ಗಾರೆಯಲ್ಲಿ ಓರೆಯಾಗಿ ನಿಲ್ಲಿಸಿದ ತೆಳು ಇಟ್ಟಿಗೆ. ಹಿಂಭಾಗ ಆಮೇಲೆ ಹಾಕಿಸಿದ ಆರ್‌ಸಿಸಿ, ಅಂದರೆ ಕಬ್ಬಿಣದ ಕಂಬಿ ಕಟ್ಟಿ ಹಾಕಿದ ಕಾಂಕ್ರೀಟು. ಉದುರುವುದರಲ್ಲಿ ಎರಡಕ್ಕೂ ಪೈಪೋಟಿಯಿದ್ದರೂ ರೋಗ ಬೇರೆ ಬೇರೆ. ಹಿಂದಿನ ಕೋಣೆಯಲ್ಲಿ ನೀರು ಒಳಗಿನ ಕಂಬಿಯನ್ನು ಮುಟ್ಟಿದೆ. ತುಕ್ಕು ಹಿಡಿದ ಕಬ್ಬಿಣ ಮೊದಲಿದ್ದ ಜಾಗ ಸಾಲದೆ ಎರಡು ಪಟ್ಟಿಗೂ ಹೆಚ್ಚು ಉಬ್ಬಿ, ಕೆಳಗಿನ ಕಾಂಕ್ರೀಟನ್ನು ಒದ್ದು ಬೀಳಿಸುತ್ತದೆ. ಮುಂಭಾಗದಲ್ಲಿ ಕಂಬಿಯೇ ಇಲ್ಲ. ಅಲ್ಲಿ ಗಾರೆ ನೆನೆದು ನೆನೆದು ಇಟ್ಟಿಗೆಯ ಮೇಲಿನ ಹಿಡಿತ ಬಿಡುತ್ತದೆ.

ನೋಡಲು ಬಂದ ಮೇಸ್ತ್ರಿ ಸೂರನ್ನು ನೋಡಲೇ ಇಲ್ಲ, ಕೇಳಿದರು. ಜೇಡರ ಬಲೆ ತೆಗೆಯುವ ಕೋಲನ್ನು ತಿರುಗಿಸಿ ಹಿಡಿದು, ಅದರ ಬುಡದಿಂದ ಜಂತಿಯಿಂದ ಜಂತಿಗೆ ತಟ್ಟುತ್ತಾ ಹೋದರು. ಗಟ್ಟಿಯಿದ್ದಲ್ಲಿ ಟಕ್ ಟಕ್, ಬಿಟ್ಟುಕೊಂಡಲ್ಲಿ ಡಬ ಡಬ. ಡಬ ಡಬ ಎಂದ ಕಡೆಯೆಲ್ಲ ಇದ್ದಿಲಿನಿಂದ ಗೆರೆ ಎಳೆದರು. ಕಣ್ಣಿಗೆ ಕಾಣುತ್ತಿದ್ದ ಗಾಯ ಒಂದು ಮೊಳ, ಗೆರೆಯೊಳಗೆ ಸೇರಿದ್ದು ಅರ್ಧ ಕೋಣೆ. ನಾನೂ ಕೋಲು ಪಡೆದು ತಟ್ಟಿ ನೋಡಿದೆ. ಕಿವಿ ಒಮ್ಮೆ ಪಳಗಿತೆಂದರೆ ಸುಮ್ಮನಿರುವುದು ಕಷ್ಟ. ಈಗ ಯಾರ ಮನೆಗೆ ಹೋದರೂ ಗೋಡೆಯ ಮೇಲೆ ಬೆರಳು ತಾನಾಗಿ ಆಡುತ್ತದೆ, ಮನೆಯವರ ಮುಖ ಸಣ್ಣದಾಗುತ್ತದೆ.

ಪಕ್ಕದ ಮನೆಯವರ ಸಲಹೆ ಒಂದೇ: ಸೂರಿನ ಕೆಳಗೆ ಜಿಪ್ಸಮ್ ಹಲಗೆಯ ಇನ್ನೊಂದು ಸೂರು, ಅಂದರೆ ಫಾಲ್ಸ್ ಸೀಲಿಂಗ್ ಹಾಕಿಸಿ, ಕಾಟ ತಪ್ಪುತ್ತದೆ. ತಪ್ಪುವುದು ನಮ್ಮ ಕಣ್ಣಿನ ಕಾಟ ಮಾತ್ರ. ಮೇಲೆ ನೀರು ತನ್ನ ಪಾಡಿಗೆ ಇಳಿಯುತ್ತಿರುತ್ತದೆ, ಖರ್ಚು ಮಾಡಿ ಹಲ್ಲಿಗಳಿಗೆ ಒಂದು ಮಹಡಿ ಕಟ್ಟಿಸಿಕೊಟ್ಟಂತೆ. ಅದರ ಜಿಪ್ಸಮ್ಮಿಗೋ ನೀರೆಂದರೆ ಆಗದು.

ಹಳೆಯ ಗಾರೆಯ ಸ್ವಭಾವ ಬೇರೆ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿಯಲ್ಲಿ ಸುಟ್ಟು ಅದರೊಳಗಿನ ಇಂಗಾಲದ ಡೈಆಕ್ಸೈಡನ್ನು ಓಡಿಸುತ್ತಾರೆ. ನೀರಿನಲ್ಲಿ ಅರಳಿಸಿ, ಮರಳು ಬೆರೆಸಿ, ಅಳಲೆಕಾಯಿ ನೆನೆಸಿದ ನೀರು, ಬೆಲ್ಲದ ನೀರು ಹಾಕಿ ಬಳಿದ ಮೇಲೆ, ಅದು ಓಡಿಹೋದ ಅನಿಲವನ್ನು ಗಾಳಿಯಿಂದ ವರ್ಷಗಟ್ಟಲೆ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ತೇವವನ್ನು ಒಳಗೆ ಬಿಟ್ಟುಕೊಂಡರೂ ಹೊರಗೆ ಕಳಿಸಲು ಬಲ್ಲದು. ಇದರ ಮೇಲೆ ಸಿಮೆಂಟಿನ ತೇಪೆ ಹಾಕಿದರೆ ತೇವಕ್ಕೆ ಹೊರಗೆ ಹೋಗುವ ದಾರಿ ಕಟ್ಟಿತು. ಮುಂದಿನ ಸಲ ತೇಪೆ ತಾನು ಬೀಳುವಾಗ ಹಳೆಯದನ್ನೂ ಕಿತ್ತುಕೊಂಡೇ ಬೀಳುತ್ತದೆ. ಸುಣ್ಣಕ್ಕೆ ಸುಣ್ಣವೇ ಆಗಬೇಕು ಎಂದು ನಾನು ಹಟ ಹಿಡಿದೆ. ಅಷ್ಟು ದಿನ ಯಾರು ಕಾಯುತ್ತಾರೆ ಸ್ವಾಮಿ ಎಂದು ಮೇಸ್ತ್ರಿ ಗೊಣಗಿದರೂ ಒಪ್ಪಿದರು.

ಕೆಡವಿ ಕಟ್ಟುವುದೋ, ರಿಪೇರಿಯೋ ಎಂಬ ಜಗಳ ಈ ಊರಿಗೆ ಹೊಸದಲ್ಲ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದೊಂದು ಭಾಗ ಕುಸಿದ ಮೇಲೆ ಅದು ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ನಮ್ಮ ನಡುಮನೆಯ ವ್ಯಾಜ್ಯಕ್ಕೆ ಅಷ್ಟು ಯೋಗ್ಯತೆಯಿಲ್ಲ.

ಕೆಲಸ ಶುರುವಾದದ್ದು ಸೂರಿನಿಂದಲ್ಲ, ತಾರಸಿಯಿಂದ. ಮಳೆನೀರಿನ ಕೊಳವೆಯ ಬಾಯಿಗೆ ತೆಂಗಿನ ಗರಿ, ಕಸ ಕಟ್ಟಿಕೊಂಡು ನೀರು ನಿಲ್ಲುತ್ತಿತ್ತು. ಬಿರುಕಿಗೆಲ್ಲ ಗಾರೆ ತುಂಬಿದ ಮೇಲೆಯೇ ಒಳಗಿನ ಸಡಿಲ ಗಾರೆಯನ್ನು ಕೆರೆದು, ಇಟ್ಟಿಗೆಗೆ ನೀರು ಕುಡಿಸಿ, ತೆಳುವಾಗಿ ಒಂದರ ಮೇಲೊಂದು ಪದರ ಕೊಟ್ಟರು. ಹಿಂದಿನ ಕೋಣೆಯ ಕಂಬಿಗಳನ್ನು ಉಜ್ಜಿ, ತುಕ್ಕು ತಡೆಯುವ ಲೇಪ ಹಚ್ಚಿ, ಮುಚ್ಚಿದರು. ಅಲ್ಲಿ ಸಿಮೆಂಟೇ ಸರಿ, ಅದಕ್ಕೆ ನನ್ನ ತಕರಾರಿಲ್ಲ.

ನಡುಮನೆಯ ಸೂರಿನಲ್ಲಿ ಈಗ ಹಳೆಯ ಹಳದಿಯ ನಡುವೆ ಬೆಳ್ಳಗಿನ ದೊಡ್ಡ ತೇಪೆ. ಬಣ್ಣ ಯಾವಾಗ ಹೊಡೆಸುತ್ತೀರಿ ಎಂದು ಅತ್ತಿಗೆ ಕೇಳುತ್ತಾರೆ. ಹಸ್ತ, ಚಿತ್ತೆ ಮಳೆ ಕಳೆಯಲಿ, ತೇಪೆ ಒದ್ದೆಯಾಗದಿದ್ದರೆ ದೀಪಾವಳಿಗೆ ಹೊಡೆಸೋಣ ಎಂದಿದ್ದೇನೆ. ಯಾವ ದೀಪಾವಳಿ ಎಂದು ಅವರು ಇನ್ನೂ ಕೇಳಿಲ್ಲ.